ಮೂವತ್ತನಾಲ್ಕನೆಯ ವಾರ

ಸಹಿ ಹಾಕುವ ಪೆನ್ನು ಕೈಯಲ್ಲೇ ಹಿಡಿದುಕೊಂಡು
ಐಸಿನ ಯಂತ್ರದ ಪಕ್ಕ ನಿಂತಿದ್ದೀಯ.
ಬಾತ್‌ರೂಮಿಗೆ ಹೋಗಿಬರುತ್ತೇನೆ ಅಂತ ಸುಳ್ಳು ಹೇಳಿ ಎದ್ದವರೆಲ್ಲ
ಈ ಮೂಲೆಗೇ ಬರುತ್ತಾರೆ, ನೋಡಿದ್ದೇನೆ.
ನನ್ನ ಹೆಸರು ಮಿರ್ಲಾಂದ್. ಎದೆಯ ಬಿಲ್ಲೆಯಲ್ಲಿ ಅರ್ಧ ಅಳಿಸಿದೆ.
ಹದಿನೇಳು ವರ್ಷದಿಂದ ಕಿಸ್ಸಿಮ್ಮಿಯ ಈ ಕಟ್ಟಡದಲ್ಲಿ
ಮೂರನೆಯ ಮಹಡಿಯ ಹಾಸಿಗೆಗಳು ನನ್ನವು.

ನಿನ್ನ ಅಂಗಿಗೆ ಅಂಟಿಸಿದ ಚೀಟಿಯಲ್ಲಿ ಕೋರ್ಬಿನ್ ಅಂತಿದೆ.
ಇಪ್ಪತ್ನಾಲ್ಕು ಇರಬಹುದು ನಿನಗೆ.
ಡೇಟನ್ನಿನಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ ಅಂದೆ,
ಕೊಂಡದ್ದು ಅಂತ ಹೇಳಿಕೊಳ್ಳಲು ಈವರೆಗೆ
ಒಂದು ಹಳೇ ಕಾರು, ಅದರಲ್ಲೂ ಅರ್ಧ ಬ್ಯಾಂಕಿನದು.
ತೊಂಬತ್ತು ನಿಮಿಷ ಕೂತರೆ ಸಾಕು ಅಂದಿದ್ದರು,
ಮೊಟ್ಟೆ, ಕಿತ್ತಳೆ ರಸ, ಪಾರ್ಕಿನ ಎರಡು ಟಿಕೆಟ್ಟು ಪುಕ್ಕಟೆ.
ಈಗ ನಾಲ್ಕನೆಯ ಗಂಟೆ.
ಮೂಗಿನ ತುದಿಗೆ ತುಪ್ಪ ಸವರಿದ್ದಾರೆ,
ನಾಲಿಗೆ ಚಾಚಿ ಚಾಚಿ ನಿನ್ನ ದವಡೆ ಸೋತಿದೆ.

ಕೊಳ್ಳಲೋ ಬೇಡವೋ ಅಂತ ನನ್ನನ್ನು ಕೇಳಿದರೆ
ನನಗೆ ಗೊತ್ತಿರುವುದು ಚಾದರದ ಲೆಕ್ಕ.
ಶನಿವಾರ ಹತ್ತಕ್ಕೆ ಒಬ್ಬರು ಹೊರಗೆ, ನಾಲ್ಕಕ್ಕೆ ಇನ್ನೊಬ್ಬರು ಒಳಗೆ.
ನಡುವಿನ ಆರು ಗಂಟೆ ಈ ಮನೆ ಯಾರದು?
ಒಂದು ಮಂಚಕ್ಕೆ ಐವತ್ತೆರಡು ಒಡೆಯರು,
ಒಬ್ಬರ ಬೆವರು ಇನ್ನೊಬ್ಬರಿಗೆ ತಾಕದ ಹಾಗೆ
ಒರೆಸುವವಳು ನಾನು.
ಪತ್ರದಲ್ಲಿ ಅವರೆಲ್ಲರ ಹೆಸರೂ ಇದೆ,
ಕೀಲಿ ಮಾತ್ರ ನನ್ನ ಸೊಂಟದಲ್ಲಿ.

ಯಾವ ವಾರ ಕೊಡುತ್ತಾರಂತೆ?
ಮೂವತ್ತನಾಲ್ಕು.
ಆಗಸ್ಟಿನ ಕೊನೆ, ಮಗು, ಬಿರುಗಾಳಿಗಳಿಗೆ ಹೆಸರಿಡುವ ಕಾಲ.
ಕಿಟಕಿಗೆ ಹಲಗೆ ಬಡಿಯುತ್ತಾರೆ,
ಹಾರಿಹೋಗದಿರಲಿ ಅಂತ ಕೊಳದ ಕುರ್ಚಿಗಳನ್ನೆಲ್ಲ
ನೀರೊಳಗೇ ಮುಳುಗಿಸಿಡುತ್ತಾರೆ.
ತಳದಲ್ಲಿ ಅವು ಸಾಲಾಗಿ ಕೂತದ್ದು ನೋಡಿದರೆ
ಯಾರೋ ರಜೆಗೆ ಬಂದ ಹಾಗೇ ಕಾಣುತ್ತದೆ.

ಅದೇ ವಾರ ಹಾಲ್ವರ್ಸೆನ್ ಅಜ್ಜನದಾಗಿತ್ತು. ಮುನ್ನೂರ ಹನ್ನೆರಡು.
ಮೊದಲು ಹೆಂಡತಿಯ ಜೊತೆ ಬರುತ್ತಿದ್ದ,
ಆಮೇಲೆ ಒಬ್ಬನೇ,
ಆಮೇಲೆ ಅವನು ಬರಲಿಲ್ಲ, ಬಿಲ್ಲು ಅವನಲ್ಲಿಗೆ ಹೋಯಿತು,
ವರ್ಷವರ್ಷ, ವರ್ಷಕ್ಕಿಷ್ಟು ಬೆಳೆಯುತ್ತ.
ಹೋದ ಸಲ ಅವನ ಮಗಳು ಆಫೀಸಿಗೆ ಬಂದು
ಒಂದು ಡಾಲರಿಗೆ ಕೊಡುತ್ತೇನೆ, ತಗೊಳ್ಳಿ ಅಂದಳು.
ಯಾರೂ ಕೈ ಚಾಚಲಿಲ್ಲ.
ಅಪ್ಪನ ಮೂಗಿನ ತುಪ್ಪ ಮಗಳ ಬಾಯಿಗೆ ಬರುವಾಗ
ಕುದಿಯುತ್ತಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇಷ್ಟು ಹೇಳಿ ಸುಮ್ಮನಾಗಬೇಕಿತ್ತು ನಾನು.
ಆದರೆ ಅದೇ ಕೋಣೆಯ ಬೀರುವಿನಲ್ಲಿ, ಬಾಗಿಲ ಒಳಮೈಯಲ್ಲಿ,
ಪೆನ್ಸಿಲಿನ ಗೀಟುಗಳಿವೆ, ಒಂದರ ಮೇಲೊಂದು,
ಪಕ್ಕಕ್ಕೆ ಇಸವಿ, ಮೇಲೆ ಮಾರ್ಗೋ ಅಂತ ಹೆಸರು.
ಯಾವ ವಾರದವರೋ, ಯಾರ ಮಗುವೋ.
ಒರೆಸಬೇಕೆಂಬುದು ನಿಯಮ.
ಹನ್ನೊಂದು ವರ್ಷ ಅದರ ಸುತ್ತಲೇ ಬಟ್ಟೆ ಆಡಿಸಿದ್ದೇನೆ.
ಕೊನೆಯ ಗೀಟು ಈಗ ನನ್ನ ಗಲ್ಲಕ್ಕೆ ಬರುತ್ತದೆ.
ಆ ಮನೆಯವರು ಮೋಸಹೋದರು ಅನ್ನಲು
ನನಗೆ ಬಾಯಿ ಬರುವುದಿಲ್ಲ.
ಒಂದು ಸಲ, ವ್ಯಾಕ್ಯೂಮು ಓಡುತ್ತಿದ್ದಾಗ, ಗುಣಿಸಿ ನೋಡಿದೆ:
ಮಗು ಬೆಳೆದದ್ದು ಇಂಚಿಗೆ ಆರುನೂರು ಡಾಲರು ಬಿತ್ತು.
ಜಾಸ್ತಿಯಾಯಿತೋ ಕಡಿಮೆಯೋ ತಿಳಿಯಲಿಲ್ಲ.

ನನ್ನದೂ ಒಂದಿದೆ, ಜಾಕ್ಮೆಲ್‌ನಲ್ಲಿ, ಸಮುದ್ರದ ಕಡೆಗೆ.
ದುಡ್ಡು ಕಳಿಸಿದ ಹಾಗೆ ಇಟ್ಟಿಗೆ ಏರುತ್ತದೆ,
ಹದಿನೇಳು ವರ್ಷಕ್ಕೆ ಕಿಟಕಿಯ ಎತ್ತರ.
ಒಂದು ವಾರವಿರಲಿ, ಒಂದು ರಾತ್ರಿ ಮಲಗಿಲ್ಲ ಅದರಲ್ಲಿ.
ಇಂಥವಳು ನಿನಗೆ ಬುದ್ಧಿ ಹೇಳುವುದೇ?

ಅಗೋ, ಟೈ ಸರಿಮಾಡಿಕೊಳ್ಳುತ್ತ ಬರುತ್ತಿದ್ದಾನೆ.
ಈ ಬೆಲೆ ಇವತ್ತಿಗೆ ಮಾತ್ರ ಅನ್ನುತ್ತಾನೆ.
ಸಹಿ ಹಾಕಿದರೂ ಹತ್ತು ದಿನ ಇದೆ, ಬೇಡವೆಂದು ಕಾಗದ ಬರೆಯಲು.
ಅದು ಎಷ್ಟನೆಯ ಪುಟದಲ್ಲಿದೆ ಅಂತ ಅವನನ್ನೇ ಕೇಳು,
ಜೋರಾಗಿ, ಪಕ್ಕದ ಮೇಜಿನ ಹುಡುಗಿಗೂ ಕೇಳುವ ಹಾಗೆ.

ಜರುಗು ಸ್ವಲ್ಪ. ಮುನ್ನೂರೆಂಟರವರು
ಆಗಿನಿಂದ ಐಸು ಕೇಳುತ್ತಿದ್ದಾರೆ.
ಪೆನ್ನು ಅವರದೇ ತಾನೆ?
ಅದನ್ನು ಮಾತ್ರ ಇಟ್ಟುಕೋ.